ಎತ್ತೂರಪ್ಪನ ಕಾಲರು

ಜಾಲಹಳ್ಳಿಯ ತಂತಿಬೇಲಿಯೊಳಗೆ ಇಟಲಿಯ ಕೈದಿಗಳಿದ್ದ ಕಾಲ.
ಅವರ ಬಟ್ಟೆಗೆ ನಮ್ಮ ತಾತ, ಮಡಿವಾಳರ ಮುನಿಚೌಡಪ್ಪ.
ವಾರಕ್ಕೆರಡು ಕತ್ತೆ ಹೇರು, ಆಳಿಗೊಂದು ಗುರುತು,
ಕರಿಗೇರಿನ ಹಾಲಲ್ಲಿ ಚುಕ್ಕೆ, ಗೀಟು, ಅಡ್ಡಗೀಟು.
ಬಟ್ಟೆ ಹರಿದರೂ ಅದು ಹೋಗದು.

ಒಂದು ಅಂಗಿಯ ಕಾಲರು ದಪ್ಪಗಿತ್ತು.
ಕಲ್ಲಿಗೆ ಬಡಿಯಲು ಎತ್ತಿದ ಕೈ ಹಾಗೇ ನಿಂತಿತು.
ಹೊಲಿಗೆ ಬಿಚ್ಚಿದರೆ ರಟ್ಟಿನ ಚೀಟಿ,
ಕೆಂಪು ಮಾಸಿ ಇಟ್ಟಿಗೆ ಬಣ್ಣ,
ಅದರ ಮೇಲೆ ಸುತ್ತಿಗೆ, ಕುಡುಗೋಲು, ಮೂಡುವ ಸೂರ್ಯ.
ಓದು ಬಾರದ ತಾತನಿಗೆ ಈ ಮೂರೂ ತಿಳಿದವು.
ನಾಲ್ಕನೆಯದು ಬಿಚ್ಚಿಟ್ಟ ಪುಸ್ತಕ;
ಅದನ್ನವನು ಮಡಿಸಿದ ಅಂಗಿ ಅಂದುಕೊಂಡ.

ಚೀಟಿಯನ್ನು ಒಲೆಯ ಪಕ್ಕ ಆರಿಸಿ
ಅಜ್ಜಿಯ ಕೈಲಿ ಮತ್ತೆ ಕಾಲರಿಗೆ ಹೊಲಿಸಿ ಕೊಟ್ಟ.
ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.
ಬಿಟ್ಟಿದ್ದರೆ ಬೇಲಿಯೊಳಗಿನ ಕರಿ ಅಂಗಿಯವರೇ
ಒಂದು ರಾತ್ರಿ ಅವನನ್ನು ಮುಗಿಸುತ್ತಿದ್ದರು.

ಹೆಸರು ಎತ್ತೋರೆ. ತಾತನ ಬಾಯಲ್ಲಿ ಎತ್ತೂರಪ್ಪ.
ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು.
ಚೀಟಿ ಅವರಪ್ಪನದಂತೆ, ಇಪ್ಪತ್ತೊಂದನೇ ಇಸವಿಯದು.
ಒಂದು ಮಧ್ಯಾಹ್ನ ಬಾರ್ ಸೋಪು ಮುಂದಿಟ್ಟುಕೊಂಡು
ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ ಹೇಳಿದನಂತೆ:
ಇದು ನಮ್ಮ ಪಕ್ಷ. ಜಿನೋವಾದಲ್ಲಿ ಹುಟ್ಟಿದ್ದು.
ಹುಟ್ಟುವಾಗಲೇ ಒಂದು ಚೂರು ಬೇರೆ ಹೋಯಿತು.
ಆಮೇಲೆ ಲಿವೋರ್ನೊದ ನಾಟಕಶಾಲೆಯಲ್ಲಿ ಜಗಳ;
ಹಾಡಿಕೊಂಡು ಎದ್ದುಹೋದವರು ಇನ್ನೊಂದು ನಾಟಕಶಾಲೆ ಹೊಕ್ಕರು,
ಅಲ್ಲಿ ಸೂರು ಸೋರುತ್ತಿತ್ತು.
ದಾರ ಬಿಗಿದು ಎಳೆದ, ಸೋಪು ಎರಡಾಯಿತು.
ತಾತ ಎರಡನ್ನೂ ನೀರಲ್ಲದ್ದಿ ತಿಕ್ಕಿ ನೋಡಿದ.
ಎರಡ್ರಲ್ಲೂ ನೊರೆ ಬರ್ತದಲ್ಲಪ್ಪ, ಅಂದ.

ಯುದ್ಧ ಮುಗಿದು ಅವನು ಹಡಗು ಹತ್ತಿದ ಮೇಲೆ ಕಾಗದಗಳು.
ಓದಿ ಹೇಳಲು ಚರ್ಚಿನ ಪಾದ್ರಿ;
ತಮ್ಮವರನ್ನು ಬೈದ ಕಡೆ ಕೆಮ್ಮಿ
ಮುಂದಿನ ಸಾಲಿಗೆ ಹೋಗುತ್ತಿದ್ದರಂತೆ.
ನಲವತ್ತೇಳು: ನಿಮಗೆ ಸ್ವಾತಂತ್ರ್ಯ ಬಂತು, ನಮ್ಮ ಪಕ್ಷ ಒಡೆಯಿತು.
ಅರವತ್ನಾಲ್ಕು: ಸರ್ಕಾರ ಸೇರಿದೆವು, ಅದಕ್ಕೆ ಒಡೆಯಿತು.
ಅರವತ್ತಾರು: ನಲವತ್ತೇಳರಲ್ಲಿ ಹೋದವರು ಮರಳಿದರು!
(ಕಾಗದದ ಮೂಲೆಯಲ್ಲಿ ವೈನಿನ ಕಲೆ. ಇದು ಹೋಗಲ್ಲ ಅಂದ ತಾತ.)
ಅರವತ್ತೊಂಬತ್ತು: ಮತ್ತೆ ಒಡೆಯಿತು. ಕತ್ತೆಗಳು ಕ್ಷೇಮವೇ?

ಒಂದೊಂದು ಒಡಕಿಗೂ ಇಸ್ತ್ರಿ ಮೇಜಿನ ಕಾಲಿಗೆ
ಕರಿಗೇರಿನ ಒಂದೊಂದು ಗೀಟು.
ಇಲ್ಲಿನವರೇನು ಕಡಿಮೆಯೇ?
ಕಾಟನ್‌ಪೇಟೆಯ ಸಭೆಯಿಂದ ಚಿಕ್ಕಪ್ಪ
ಸಮಾಜವಾದಿ ಬಾವುಟವನ್ನು ಒಗೆಯಲು ತಂದಾಗಲೆಲ್ಲ
ಪಕ್ಷದ ಹೆಸರಿಗೆ ಒಂದು ಪದ ಅಂಟಿರುತ್ತಿತ್ತು,
ಇಲ್ಲವೇ ಉದುರಿರುತ್ತಿತ್ತು.
ಮೇಜಿನ ಇನ್ನೊಂದು ಕಾಲು ಅದಕ್ಕೆ.

ಎಂಬತ್ತೈದರ ಹೊತ್ತಿಗೆ ಓದುವವಳು ನಾನು;
ಅವನ ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು.
ಸುತ್ತಿಗೆ ತೆಗೆದರಂತೆ ತಾತ, ಕುಡುಗೋಲೂ ಇಲ್ಲ.
ಈಗ ಬರೀ ಹೂವು, ಕೆಂಪು ಕಾರ್ನೇಷನ್.
ಅವನು ಕೇಳಿದ್ದು ಒಂದೇ: ಮಡಿಸಿದ ಅಂಗಿ?

ತೊಂಬತ್ಮೂರು. ಹೋಟೆಲಿನ ಬಾಗಿಲಲ್ಲಿ ಜನ
ಪಕ್ಷದ ನಾಯಕನ ಮೇಲೆ ಚಿಲ್ಲರೆ ಕಾಸು ಎಸೆದರಂತೆ.
ಎತ್ತೂರಪ್ಪ ಟೀವಿ ಆರಿಸಿ ಗೋಡೆಗೆ ತಿರುಗಿ ಮಲಗಿದನಂತೆ.
ತನಿಖೆಗಿಟ್ಟ ಹೆಸರು: ಸ್ವಚ್ಛ ಕೈಗಳು.
ತಾತ ತನ್ನ ಕೈ ತಿರುಗಿಸಿ ನೋಡಿಕೊಂಡ.
ಐವತ್ತು ವರ್ಷ ಸೋಡಾ ತಿಂದ ಬೆರಳು,
ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿದರೆ
ಗೆರೆ ಮೂಡದು, ಬರೀ ಮಸಿ.
ಹಿಂಗಿರಬೇಕೇನಮ್ಮ, ಸ್ವಚ್ಛ ಅಂದರೆ?

ಮರುವರ್ಷ ಪಕ್ಷವನ್ನೇ ಮುಚ್ಚಿದರು, ನೂರೆರಡು ವರ್ಷಕ್ಕೆ.
ಆ ಸುದ್ದಿ ಓದಲು ತಾತ ಇರಲಿಲ್ಲ.
ಗೀಟು ನಾನೇ ಎಳೆಯಹೋದೆ;
ಎಳೆಯಲು ಕಾಲಲ್ಲಿ ಜಾಗವಿತ್ತು, ಕರಿಗೇರು ಸಿಗಲಿಲ್ಲ.

ಈಗ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ನನ್ನ ಗಾಡಿ.
ಚುನಾವಣೆ ಬಂದರೆ ಎಲ್ಲ ಬಣ್ಣದ ಶಾಲೂ ಬರುತ್ತವೆ,
ಎಲ್ಲಕ್ಕೂ ಒಂದೇ ದರ.
ಇಸ್ತ್ರಿಯಿಡುವ ಮೊದಲು ಪ್ರತಿ ಅಂಗಿಯ ಕಾಲರನ್ನೂ
ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ.
ಪ್ಲಾಸ್ಟಿಕ್ ಕಡ್ಡಿ ಸಿಗುತ್ತದೆ.