ಎಸೆದ ಮೀನು

ರೌಸು ಬಂದರಿನಿಂದ ಐದಕ್ಕೇ ಹೊರಟೆವು.
ಕೈಗವಸಿನೊಳಗೆ ನನ್ನ ಬೆರಳುಗಳು ಬೇರೆ ಯಾರವೋ.
ಕಟಕಟೆಗೆ ಒರಗಿ ಹನ್ನೊಂದು ಮಂದಿ, ಹನ್ನೊಂದು ಕೊಳವೆ,
ದಂಡಿಗೆ ಹೊರಟವರ ಹಾಗೆ ಮಾತಿಲ್ಲ.
ತೋಕಿಜಿ ಎಂಜಿನ್ ತಗ್ಗಿಸಿದ.
ಮಂಜುಗಡ್ಡೆ ದೋಣಿಯ ಹೊಟ್ಟೆ ಕೆರೆಯುವ ಸದ್ದು:
ತಳ ಹಿಡಿದ ಬಾಣಲೆಗೆ ಯಾರೋ ಸೌಟು ಹಾಕಿದಂತೆ.

ಅವು ಆಗಲೇ ಬಂದು ಕೂತಿದ್ದವು.
ಕಮ್ಚಟ್ಕಾದ ಕಡಲ ಹದ್ದುಗಳು,
ಕರಿಕೋಟಿನ ಹೆಗಲಿಗೆ ಬಿಳಿಶಾಲು,
ನ್ಯಾಯ ಹೇಳಲು ಕರೆಸಿಕೊಂಡವರ ಗತ್ತು.
ಕೊಕ್ಕು ಮಾತ್ರ ಹಲಸಿನ ತೊಳೆಯ ಹಳದಿ.
ಅಷ್ಟು ಬಿಳುಪಿನಲ್ಲಿ
ಬೆಚ್ಚಗೆ ಕಂಡದ್ದು ಅದೊಂದೇ.

ಬಕೆಟ್ಟಿನಿಂದ ತೋಕಿಜಿ ಒಂದು ಮೀನೆತ್ತಿ ಎಸೆದ.
ಹೆಪ್ಪುಗಟ್ಟಿದ ಮೀನು ಗಡ್ಡೆಗೆ ಬಿದ್ದರೆ
ಸೌದೆ ಬಿದ್ದ ಸದ್ದು.
ಹದ್ದು ಇಳಿಯಿತು.
ಹುರಿಗಡಿಗೆಯಲ್ಲಿ ಜೋಳ ಸಿಡಿದಂತೆ ಕ್ಯಾಮೆರಾಗಳು ಸಿಡಿದವು,
ನನ್ನದೂ, ಸೆಕೆಂಡಿಗೆ ಇಪ್ಪತ್ತು.
ಮನೆಗೆ ಹೋಗಿ ಕತ್ತರಿಸುತ್ತೇನೆ:
ದೋಣಿಯ ನೆರಳು, ಪಕ್ಕದವನ ಟೋಪಿ,
ಎಸೆದ ಕೈಯನ್ನಂತೂ ಮೊಟ್ಟಮೊದಲು.
ಕೆಳಗೆ ಬರೆಯುತ್ತೇನೆ: ಕಾಡುಹದ್ದು, ತನ್ನ ಸಹಜ ನೆಲೆಯಲ್ಲಿ.
ಸುಳ್ಳೇನಲ್ಲ.
ನಿಜ ಎನ್ನಲು ಹೋದರೆ ನಾಲಿಗೆಗೆ
ಸ್ವಲ್ಪ ಮೀನಿನ ವಾಸನೆ.

ಹಿಂದೆ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ
ತೋಕಿಜಿಯ ತಾಯಿ, ಕಿನುಯೋ. ಎಂಬತ್ತೇಳು.
ವರ್ಷಕ್ಕೊಂದು ಸಲ, ಗಡ್ಡೆ ಬಂದ ಮೇಲೆ,
ಬೇಡವೆಂದರೂ ದೋಣಿ ಹತ್ತುತ್ತಾರಂತೆ,
ಹದ್ದು ನೋಡಲಿಕ್ಕಲ್ಲ.
ನನ್ನ ತೋಳು ಜಗ್ಗಿದರು.
ಲೆನ್ಸಿಗೆ ಬೊಟ್ಟು ಮಾಡಿ, ಆಮೇಲೆ ಮೂಡಣಕ್ಕೆ.
ಅಲ್ಲಿ ಕುನಾಶಿರಿ, ಬೆನ್ನ ಹಿಂದೆ ಸೂರ್ಯನನ್ನು
ಇನ್ನೂ ಬಚ್ಚಿಟ್ಟುಕೊಂಡ ಗುಡ್ಡಸಾಲು.

"ಅಮ್ಮ ಹುಟ್ಟಿದ್ದು ಆ ಕಡೆ," ತೋಕಿಜಿ ಹೇಳಿದ,
ಬಕೆಟ್ಟಿನಿಂದ ತಲೆಯೆತ್ತದೆ.
"ಬಿಟ್ಟಾಗ ಏಳು ವರ್ಷ. ಈಗ ಅದು ರಷ್ಯಾ."
ಊರಿನ ಹೆಸರನ್ನೂ ಹೇಳಿದ.
ನನ್ನ ನಾಲಿಗೆಗೆ ಹತ್ತಲಿಲ್ಲ.

ಒಂಟಿಕಾಲಿನ ಕ್ಯಾಮೆರಾವನ್ನು ಅವರ ಕಣ್ಣಿನೆತ್ತರಕ್ಕೆ ಇಳಿಸಿದೆ.
ಕನ್ನಡಕ ತೆಗೆದು ಮಡಿಲಲ್ಲಿಟ್ಟರು.
ಅವರ ಉಸಿರಿಗೆ ಗಾಜು ಮಸುಕಾಯಿತು, ಒರೆಸಿದೆ,
ಮತ್ತೆ ಮಸುಕಾಯಿತು.
ಯಾವ ಹದ್ದಿಗೂ ತಿರುಗಿಸದಷ್ಟು ನಿಧಾನವಾಗಿ
ಫೋಕಸ್ಸಿನ ಬಳೆ ತಿರುಗಿಸಿದೆ.
ಏನೋ ಅಂದರು.
"ಬಾವಿ ಎಲ್ಲಿ ಅಂತಾಳೆ. ಹಿತ್ತಲಲ್ಲಿ ಬಾವಿ ಇತ್ತಂತೆ."
ಇಪ್ಪತ್ತೈದು ಕಿಲೋಮೀಟರು ಆಚೆಯ ಬಾವಿಯ ಬಾಯಿ
ಕಾಣಿಸುವ ಗಾಜನ್ನು ಯಾರೂ ಇನ್ನೂ ಅರೆದಿಲ್ಲ.
ನಾನು ಹೇಳಲಿಲ್ಲ.

ಅಷ್ಟರಲ್ಲೇ, ಆಗಲೇ ಆಗಬೇಕಿತ್ತು ನೋಡಿ,
ಹೊಸ ಸೂರ್ಯನ ಎದುರಿಗೇ ಎರಡು ಹದ್ದು
ಉಗುರಿಗೆ ಉಗುರು ಹೆಣೆದು ಗಿರಗಿರ ಬಿದ್ದವು.
ಹತ್ತು ಕ್ಯಾಮೆರಾ ಅರಚಿದವು.
ಎರಡು ಚಳಿಗಾಲ ನಾನು ಕಾದದ್ದು ಇದಕ್ಕೇ.
ನನ್ನ ಕ್ಯಾಮೆರಾದೊಳಗೆ ಒಬ್ಬ ಮುದುಕಿ
ಬಾವಿ ಹುಡುಕುತ್ತಿದ್ದಳು.
ಮೂರನೆಯದೊಂದು ಹದ್ದು ಲೆನ್ಸಿಗೆ ಅಡ್ಡ ಹಾಯಿತು.
"ಹುಶ್" ಅಂದರು ಕಿನುಯೋ,
ಅಂಗಳದ ಕೋಳಿಗೆ ಅನ್ನುವ ಹಾಗೆ,
ಬೆಚ್ಚಿದ ಬೆರಳು ಗುಂಡಿ ಒತ್ತಿತು.

ರಾತ್ರಿ, ಛತ್ರದ ಹೀಟರಿನ ಪಕ್ಕ,
ಸಾವಿರದ ನಾನೂರು ಚಿತ್ರಗಳ ನಡುವೆ ಅದೊಂದು.
ಮಸಿ ಚೆಲ್ಲಿದಂತೆ ಒಂದು ರೆಕ್ಕೆ, ಅಳಿಸಿದ ರೆಕ್ಕೆ.
ಎರಡು ಗರಿಗಳ ಸಂದಿಯಲ್ಲಿ
ಉಗುರಗಲದ ದಡ, ಹಿಮ,
ಚುರುಕಾಗಿ, ಒಂದೊಂದು ಕಲ್ಲೂ.
ಕತ್ತರಿಸಲಿಲ್ಲ.

ಆದರೆ ನನಗೆ ನೆನಪಾಗುವುದು ಅದಲ್ಲ,
ವಾಪಸು ತಿರುಗುವ ಮುಂಚಿನದು:
ಕೊನೆಯ ಮೀನನ್ನು ಉಗುರಿಗೆ ಸಿಕ್ಕಿಸಿಕೊಂಡು
ಒಂದು ಹದ್ದು, ಯಾರನ್ನೂ ಕೇಳದೆ,
ನೇರ ಮೂಡಣಕ್ಕೆ ಹೋಯಿತು.
ಕಾಣುವಷ್ಟು ಹೊತ್ತು ನೋಡಿದರು ಕಿನುಯೋ.
ಆಮೇಲೆ ಮಂಡಿ ಹಿಡಿದು ಎದ್ದು
ಬಕೆಟ್ಟಿನ ತಳಕ್ಕೆ ಬಗ್ಗಿದರು,
ಇನ್ನೊಂದು ಇದ್ದೀತೇ ಎಂದು.