ಲೆಕ್ಕದಲ್ಲಿ ಒಂದು ಕಡಿಮೆ

ಕೊವೆಂಟ್ರಿಯ ಆಸ್ಪತ್ರೆ, ಮೂರನೇ ಮಹಡಿ.
ಕುರ್ಚಿ ನಾಲ್ಕು, ನಾವು ಐವರು.
ಪಂಪು ಕಿಟಕಿಗೆ ಹಣೆ ಒತ್ತಿ
ಕೆಳಗೆ ಬಂದುಹೋಗುವ ಬಸ್ಸುಗಳ ನಂಬರು ಓದುತ್ತಿದ್ದ,
ತಡವಾದವನ್ನು ಬೈಯುತ್ತಿದ್ದ.

ಬ್ರೋನ್ವೆನ್ ಎಂಬಾಕೆ, ವೇಲ್ಸಿನವಳು,
ಆಪ್ತಸಲಹೆಗಾರ್ತಿ ಅನ್ನುತ್ತೇವಲ್ಲ, ಆ ಕೆಲಸ.
ಆಪ್ತಳೇನೋ ಹೌದು. ಸಲಹೆ ಮಾತ್ರ
ಒಂದೂ ಕೊಡಲಿಲ್ಲ.
ನೀಲಿ ಪೆನ್ನು, ಕೆಂಪು ಪೆನ್ನು, ಒಂದು ಹಾಳೆ:
ಇದು ಹದಿನಾಲ್ಕು, ಇದು ಇಪ್ಪತ್ತೊಂದು,
ನಿಮ್ಮಲ್ಲಿ ಇವೆರಡು ಅಂಟಿಕೊಂಡಿವೆ, ಎಂದಳು
ಅಪ್ಪನ ಕಡೆ ತಿರುಗಿ.

ನಾನು ಕನ್ನಡಿಸಲು ಬಾಯಿ ತೆರೆಯುವ ಮೊದಲೇ
ಅಪ್ಪನಿಗೆ ತಿಳಿದುಹೋಗಿತ್ತು.
ಮೂವತ್ತೊಂದು ವರ್ಷ ಕಾರು ಕಾರ್ಖಾನೆಯಲ್ಲಿ
ಗೇರುಪೆಟ್ಟಿಗೆ ಜೋಡಿಸಿದ ಎರ್ರಿಸ್ವಾಮಿ
"ಎರಡು ಸಾಮಾನು ಬೆಸುಗೆ ಹಾಕ್ಯಾರ," ಅಂದ,
"ಲೆಕ್ಕದಾಗ ಒಂದು ಕಮ್ಮಿ, ತೂಕದಾಗ ಸಮ.
ಅದಕ್ಕೇ ಗಾಡಿ ಓಡೈತಿ ಇಲ್ಲೀತನಕ."
ಆಮೇಲೆ ಬಾಯಿ ಮುಚ್ಚಿದ.
ಉಳಿದ ಮಾತು ಗಂಟಲಲ್ಲೇ ಇತ್ತು:
ಮಗನಿಗೆ ಕೊಡುವಾಗ
ಬೆಸೆದದ್ದನ್ನೂ ಕೊಟ್ಟೆ, ಬಿಡಿಯನ್ನೂ ಕೊಟ್ಟೆ.

ಅವ್ವ ಹಾಳೆ ನೋಡಲಿಲ್ಲ.
ಅವಳ ಬಳಿ ಬೇರೆ ಹಾಳೆಗಳಿದ್ದವು,
ಸಿರುಗುಪ್ಪದಿಂದ ಅಜ್ಜಿ ಬರೆಸಿದ ನೀಲಿ ಕಾಗದಗಳು:
ನಿಮ್ಮ ತವರಾಗ ಯಾರಿಗಾದರೂ ಹಿಂಗಿತ್ತೇನು, ಹುಲಿಗೆಮ್ಮಾ?
ಅವಳ ಬಳಿ ಒಂದು ಫೆಬ್ರವರಿ ಇತ್ತು,
ಐದು ತಿಂಗಳ ಬಸಿರು, ಒಗೆದ ಬಟ್ಟೆಯ ಚೀಲ,
ಫೋಲ್ಸ್‌ಹಿಲ್ ರಸ್ತೆಯ ಮಂಜುಗಡ್ಡೆ, ಜಾರಿದ ಕಾಲು.
ಮೂವತ್ತಾರು ವರ್ಷ
ದಿನಾ ಆ ರಸ್ತೆಯಲ್ಲಿ ಬಿದ್ದಳು.
ಬೂಟು ಬದಲಿಸಿ ಬಿದ್ದಳು, ಚೀಲ ಬಿಟ್ಟು ಬಿದ್ದಳು,
ಹೊರಗೇ ಹೋಗದೆ ಮನೆಯಲ್ಲಿ ಕೂತೂ ಬಿದ್ದಳು.

"ಹಂಗಾದ್ರ," ಅಂದಳು ಈಗ, ನೆಲಕ್ಕೆ,
"ಬಿದ್ದದ್ದು ಬರೇ ಬಿದ್ದದ್ದೇ ಏನು?"
ಇದನ್ನು ಇಂಗ್ಲಿಷಿಗೆ ಹೇಗೆ ದಾಟಿಸಲಿ.
ಹೌದಂತೆ ಅವ್ವ, ಎಂದೆ, ಯಾರನ್ನೂ ಕೇಳದೆ.

ಅಪ್ಪನ ಮೇಲೆ ಸಿಟ್ಟು ಬರಲೆಂದು ಕಾದಳೋ ಏನೋ.
ಬಂದದ್ದು ಕೆಮ್ಮು.
ಪರ್ಸಿನಿಂದ ಶುಂಠಿ ಪೆಪ್ಪರಮಿಂಟು ತೆಗೆದು
ಅರ್ಧ ಕಡಿದು, ಉಳಿದರ್ಧ
ಅವನ ಅಂಗೈಗೆ ಹಾಕಿದಳು,
ಸ್ವಲ್ಪ ಜೋರಾಗಿಯೇ.

ಬ್ರೋನ್ವೆನ್ ವಂಶದ ಮರ ಬರೆದಳು.
ಗಂಡಸರು ಚೌಕ, ಹೆಂಗಸರು ವೃತ್ತ.
ಪಂಪು ಬಂದು ಬಗ್ಗಿ ಕೇಳಿದ: "ನಾನ್ಯಾವುದು?"
ಕಪ್ಪು ತುಂಬಿದ ಚೌಕ ತೋರಿಸಿದಳು.
"ಲೈಟು ಆಫ್ ಆಗೈತಿ," ಎಂದವನೇ
ಪೆನ್ನು ಕಸಿದು ಎಲ್ಲ ಚೌಕಗಳ ಕೆಳಗೂ
ಎರಡೆರಡು ಗಾಲಿ ಹಚ್ಚಿದ.
ಮುತ್ತಜ್ಜನೂ ಬಸ್ಸು, ಅಪ್ಪನೂ ಬಸ್ಸು.
ಕಪ್ಪು ಬಸ್ಸು ಡಿಪೋಗೆ ಹೊರಟದ್ದಂತೆ,
ಚಾಲಕ ಅವನೇ,
ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲವಂತೆ.

ನನ್ನ ರಕ್ತದ ಉತ್ತರ ಮಂಗಳವಾರ ಬಂತು.
ನನ್ನಲ್ಲೂ ನಲವತ್ತೈದು.
ನೂರು ಬಸಿರಲ್ಲಿ ಹತ್ತೋ ಹದಿನೈದೋ, ಎಂದಳು ಫೋನಿನಲ್ಲಿ;
ಮೊದಲೇ ನೋಡುವ ಪರೀಕ್ಷೆಗಳಿವೆ, ನೋಡದೆ ಇರುವುದೂ ಇದೆ.
ನೀವಾಗಿದ್ದರೆ ಏನು ಮಾಡ್ತಿದ್ರಿ, ಎಂದೆ.
ನಾನು ನೀವಲ್ಲವಲ್ಲ, ಎಂದಳು, ಮೆತ್ತಗೆ.
ಪಕ್ಕದ ಕೋಣೆಯಲ್ಲಿ ಪಂಪು
ನನ್ನ ಗಂಡನೊಡನೆ ರಿಮೋಟಿಗೆ ಕಿತ್ತಾಡುತ್ತಿದ್ದ, ಗೆಲ್ಲುತ್ತಿದ್ದ.
ಆ ಪರೀಕ್ಷೆ ಕೇಳುವುದು ಅವನನ್ನೇ ಕುರಿತು ಎಂದು
ಅವನಿಗೆ ಯಾರು ಹೇಳುವುದು.

ಈಗ ಬಂಧುಗಳಿಗೆಂದು ಕೊಟ್ಟ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ,
ಸಿರುಗುಪ್ಪದ ಸೋದರತ್ತೆಯ ಮಕ್ಕಳಿಗಾಗಿ.
ಒಂದು ಶಬ್ದಕ್ಕೆ ನಿಂತುಬಿಟ್ಟೆ.
ವಾಹಕ ಎಂದು ಬರೆದೆ: ತಾಮ್ರದ ತಂತಿಯಾಯಿತು.
ರೋಗ ಎಂಬುದನ್ನು ಮೊದಲೇ ಹೊಡೆದುಹಾಕಿದ್ದೆ.
ಹೊತ್ತವರು ಎಂದು ಬರೆದೆ.
ಆಗ ಅಪ್ಪನೂ ಬಸುರಿಯಂತೆ ಕಂಡ,
ಕಾರ್ಖಾನೆಯ ನೀಲಿ ಅಂಗಿಯಲ್ಲಿ.
ಅದನ್ನೇ ಉಳಿಸಿದೆ.

ಕೆಳಗೆ ನಮ್ಮ ಮನೆಯ ನಂಬರು.
ನಿಮಗೆ ಬೆಳಗಾದಾಗ ನಮಗಿನ್ನೂ ರಾತ್ರಿ, ಪರವಾಗಿಲ್ಲ, ಮಾಡಿ.
ಪಂಪು ಎತ್ತಿದರೆ
ಮೊದಲು ಬಸ್ಸಿನ ವಿಷಯ ಮಾತಾಡಿ.