ರೆಪ್ಪೆಗೆ ರೆಪ್ಪೆ

ಹಲ್ ಪಟ್ಟಣದ ಟ್ರಿಬ್ಯುನಲ್ಲು, ಮೂರನೆಯ ಮಹಡಿ.
ಹೀಟರು ಕೆಟ್ಟಿದೆ, ಜಡ್ಜಮ್ಮ ಕೋಟು ಬಿಚ್ಚಿಲ್ಲ.
ಎರಡು ಲೋಟಗಳ ನಡುವೆ ಹನಿ ಚೆಲ್ಲದೆ
ಸುರಿಯುವುದು ನನ್ನ ಕೆಲಸ:
ಇವರ ಇಂಗ್ಲಿಷು ನೀಲಗಂಗವ್ವನ ಕಿವಿಗೆ,
ಅವಳ ಗಜೇಂದ್ರಗಡದ ಕನ್ನಡ ಇವರ ಕಡತಕ್ಕೆ.
ಗಂಟೆಗೆ ಇಪ್ಪತ್ತಾರು ಪೌಂಡು,
ಲೀಡ್ಸಿನಿಂದ ಬಸ್ಸಿನ ಚಾರ್ಜು ಬೇರೆ.

ಎದುರು ವಕೀಲನಿಗೆ ನೆಗಡಿ. ಮೂಗೊರೆಸಿಕೊಂಡು ಕೇಳಿದ:
ರಾತ್ರಿ ಪಾಳಿಯಲ್ಲಿ ಮುದುಕರ ಕರೆಗಂಟೆಯ ತಂತಿ
ಕಿತ್ತಿಡುತ್ತಿದ್ದದ್ದು ನಿಮಗೆ ಗೊತ್ತಿತ್ತು.
ಅಂದಮೇಲೆ ನೀವೂ ಕನೈವ್ ಮಾಡಿದಿರಿ, ಅಲ್ಲವೇ?

ಕನೈವ್.
ಬಾಯಿ ತೆರೆದೆ. ಲೋಟ ಖಾಲಿ.
ಪಿತೂರಿ ಎನ್ನಲೇ? ಈಗೀಗ ಜನ ಹಾಗೇ ಬಳಸುತ್ತಾರೆ,
ಆದರೆ ಪಿತೂರಿಗೆ ಗುಸುಗುಸು ಬೇಕು,
ಇವಳು ಎರಡು ವರ್ಷ ಯಾರೊಡನೆಯೂ ಮಾತೇ ಆಡಿದವಳಲ್ಲ.
ಕುಮ್ಮಕ್ಕು? ಅದಕ್ಕೆ ಬೆನ್ನು ತಟ್ಟುವ ಕೈ ಬೇಕು.
ಮನ್ನಿಸುವುದು? ಅದು ಪಕ್ಕದ ಮನೆಯ ಪದ,
ಎಲ್ಲ ಮುಗಿದ ಮೇಲೆ ಬರುತ್ತದೆ, ಸಕ್ಕರೆ ಹಿಡಿದುಕೊಂಡು.

ತರಬೇತಿಯಲ್ಲಿ ಮಿಸೆಸ್ ಆಕ್ರಾಯ್ಡ್
ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತ ಹೇಳಿದ್ದರು:
ಲ್ಯಾಟಿನ್ನಿನಲ್ಲಿ ಅದು ಬರೀ ಕಣ್ಣು ಮುಚ್ಚುವುದು.
'ಕೂಡಿ' ಎಂಬ ಒಂದು ಚೂರು, 'ಮಿಟುಕು' ಎಂಬ ಇನ್ನೊಂದು.
ಮೇಲಿನ ರೆಪ್ಪೆ ಇಳಿದು ಕೆಳಗಿನದನ್ನು ಕೂಡುತ್ತದೆ,
ಅಷ್ಟೇ ಅಪರಾಧ.
ಹೆಂಡತಿಯ ಕೋಣೆಗೆ ಇನ್ನೊಬ್ಬ ಹೋಗುವಾಗ
ಗೋಡೆ ಕಡೆ ಹೊರಳಿ ಮಲಗಿದ ಗಂಡನಿಗೆ
ಹಿಂದೆ ಇಲ್ಲಿಯ ಕೋರ್ಟು ವಿಚ್ಛೇದನ ಕೊಡುತ್ತಿರಲಿಲ್ಲ,
ಈ ಪದ ತೋರಿಸಿ ಮನೆಗೆ ಕಳಿಸುತ್ತಿತ್ತು.
ಬಿಸ್ಕತ್ತು ಮುರಿದು ಕಪ್ಪಿಗೆ ಬಿತ್ತು. ಪಾಠ ಅಲ್ಲಿಗೆ ನಿಂತಿತು.

ಜಾಣಕುರುಡು!
ಅಜ್ಜಿಯ ಬಾಯಲ್ಲಿ ದಿನಾ ಇದ್ದ ಮಾತು,
ಎಲ್ಲಿ ಅಡಗಿತ್ತೋ ಇಷ್ಟು ಹೊತ್ತು.
'ಜಾಣಕುರುಡು ನಟಿಸಿದ್ರಾ ಅಂತ ಕೇಳ್ತಿದಾರೆ,' ಅಂದೆ.

'ಜಾಣತನ ಎಲ್ಲೀದರೀ ಅಕ್ಕಾರ.
ಬಾಯಿ ಬಿಟ್ರ ವೀಸಾ ಹೊಕ್ಕೈತಿ ಅಂದಿದ್ರು.
ಕಣ್ಣ ಮುಚ್ಚಿದ್ನಿ ಖರೆ. ಕಿವಿಗೆ ರೆಪ್ಪಿ ಇಲ್ಲಲ್ಲ?
ಗಂಟಿ ಇಲ್ದಿದ್ರ ಏನಾತು, ಡೋರೀನಜ್ಜಿ
ಚಮಚೆ ತಗೊಂಡು ಮಂಚದ ಕಂಬಿ ಬಡೀತಿದ್ಲು.
ಬೆಳತನಾ.'

ಸುರಿದೆ. ಚಮಚ, ಕಂಬಿ, ಬೆಳಗಿನ ತನಕ, ಎಲ್ಲ.
ಜಡ್ಜಮ್ಮನ ಪೆನ್ನು ಒಂದು ಗಳಿಗೆ ನಿಂತು ಮುಂದೆ ಹೋಯಿತು.

ಆದರೆ 'ಅಂದಿದ್ರು' ಎಂಬುದೊಂದಿದೆ.
ನಮ್ಮಲ್ಲಿ ಅದು ಹತ್ತು ಜನ ಆಗಬಹುದು,
ಹೆಸರು ಹೇಳಲು ಅಂಜುವ ಒಬ್ಬನೂ ಆಗಬಹುದು.
ನಾನು 'ದೇ ಸೆಡ್' ಅಂದೆ.
ವ್ಯಾಕರಣ ಸರಿ. ಪ್ರಮಾಣವಚನ ಸರಿ.
ಯಾರು ಆ ದೇ, ಎಂದು ಯಾರೂ ಕೇಳಲಿಲ್ಲ.

ಹಿಂದಿನ ಸಾಲಿನಲ್ಲಿ ರುದ್ರಮುನಿ ಕಬ್ಬಿಣಕಂತಿ
ಕನ್ನಡಕ ಒರೆಸುತ್ತಿದ್ದ.
ಹದಿನಾಲ್ಕು ಲಕ್ಷ ಎಣಿಸಿಕೊಂಡು ಇವಳನ್ನು ಕರೆತಂದವನು,
ಕಣ್ಣರೆಪ್ಪೆ ಹಾಗೆ ಕಾಯ್ತೀನಿ ಎಂದು ತಾಯಿಗೆ ಮಾತು ಕೊಟ್ಟವನು.
ಅವನ ಮಗಳ ನಾಮಕರಣದಲ್ಲಿ ಉಂಡಿದ್ದೇನೆ.
ಲಕ್ಷಗಳ ಲೆಕ್ಕವನ್ನು ಅಲ್ಲಿಯೇ, ಪಂಕ್ತಿಯಲ್ಲಿ ಕೇಳಿದ್ದು.
ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ.
ಬೆಕ್ಕು ಕುಡಿಯುವಾಗ ಕಣ್ಣು ಮುಚ್ಚಿಕೊಂಡವರ ಬಗ್ಗೆ
ಗಾದೆ ಮಾಡಿದವರೂ ಸುಮ್ಮನಿದ್ದಾರೆ.

ಸಂಜೆ ಅವನ ಕಾರಿನಲ್ಲೇ ವಾಪಸು.
ಬೆಳಿಗ್ಗೆ ಬಂದದ್ದೂ ಅದರಲ್ಲೇ;
ಸೀಟು ತಾನಾಗಿ ಬಿಸಿಯಾಗುತ್ತದೆ.
ಮೊಬೈಲಿನಲ್ಲಿ ಬಿಲ್ಲು ತುಂಬಿದೆ:
ಐದು ಗಂಟೆ, ಇಪ್ಪತ್ತಾರರಂತೆ.
ಬಸ್ಸಿನ ಚಾರ್ಜು,
ಹೋಗಿ ಬರಲು.